ಫ್ಲೋರೈಡ್‌ನಿಂದ ‘ಮೂರನೇ ಕಣ್ಣು’ ಮುಚ್ಚುತ್ತದೆಯೇ? ಇಲಿಯ ಪೀನಿಯಲ್ ಗ್ರಂಥಿಯ ನರಗಳು ಹೇಳುವುದೇನು

“ಮೆದುಳಿನ ನಡುವೆ ಇರುವ ಪೀನಿಯಲ್ ಗ್ರಂಥಿಯೇ ನಮ್ಮ ಮೂರನೇ ಕಣ್ಣು. ನೀರು ಮತ್ತು ಟೂತ್‌ಪೇಸ್ಟ್‌ನಲ್ಲಿರುವ ಫ್ಲೋರೈಡ್ ಅದನ್ನು ಕಲ್ಲಾಗಿಸುತ್ತದೆ. ಬೆಳಗ್ಗೆ ಎದ್ದು ಸೂರ್ಯನನ್ನು ದಿಟ್ಟಿಸಿ ನೋಡಿದರೆ ಅದು ಮತ್ತೆ ತೆರೆಯುತ್ತದೆ. ಇದನ್ನು ವಿಜ್ಞಾನಿಗಳು ಇಲಿಗಳ ಮೇಲೆ ಸಾಬೀತು ಮಾಡಿದ್ದಾರೆ.” ಇಂಥ ಅರ್ಥದ ಸಂದೇಶ, ಹಣೆಯ ನಡುವೆ ಹೊಳೆಯುವ ನೀಲಿ ಬೆಳಕಿನ ಚಿತ್ರದ ಜೊತೆ, ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬಹುದು.

ಬೇರೆ ಊರಿನವರು ಇದನ್ನು ಓದಿ ನಕ್ಕು ಅಳಿಸಿಬಿಡಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಅದು ಅಷ್ಟು ಸುಲಭವಲ್ಲ. ಏಕೆಂದರೆ ಇಲ್ಲಿ ಫ್ಲೋರೈಡ್ ಎಂಬುದು ಫಾರ್ವರ್ಡ್‌ನಲ್ಲಿ ಮಾತ್ರ ಕಾಣುವ ಪದವಲ್ಲ, ಕೊಳವೆಬಾವಿಯ ನೀರಿನಲ್ಲಿ ನಿಜವಾಗಿ ಇರುವ ವಸ್ತು. ಸಂದೇಶದಲ್ಲಿ ಒಂದು ನಿಜವಿದ್ದರೆ ಉಳಿದದ್ದೂ ನಿಜವೇ ಇರಬೇಕು ಎಂದು ಅನ್ನಿಸುವುದು ಸಹಜ. ಹಾಗಾಗಿ ಈ ಸಂದೇಶವನ್ನು ತುಂಡು ತುಂಡಾಗಿ ಬಿಡಿಸಿ ನೋಡೋಣ. ಅದಕ್ಕೆ ನಾವು ಹಿಡಿದಿರುವ ದಾರಿ ಸಂದೇಶವೇ ಸಾಕ್ಷಿಗೆ ಕರೆದ ಇಲಿಯದು. ಇಲಿಯ ಪೀನಿಯಲ್ ಗ್ರಂಥಿಗೆ ನರ ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಆ ಗ್ರಂಥಿ ಇರುವುದೆಲ್ಲಿ?

ಮನುಷ್ಯನಲ್ಲಿ ಪೀನಿಯಲ್ ಗ್ರಂಥಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ತೂಕ ಸುಮಾರು 100ರಿಂದ 150 ಮಿಲಿಗ್ರಾಂ. ಪೈನ್ ಮರದ ಕಾಯಿಯ ಆಕಾರ ಇರುವುದರಿಂದ ಈ ಹೆಸರು. ಅದು ಹುಬ್ಬುಗಳ ನಡುವೆ ಇಲ್ಲ. ಮೆದುಳಿನ ಎರಡು ಅರ್ಧಗೋಳಗಳ ಕೆಳಗೆ, ಬಹುತೇಕ ತಲೆಯ ನಟ್ಟನಡುವೆ, ಹಿಂಭಾಗಕ್ಕೆ ಸರಿದು ಕೂತಿದೆ. ಇಲಿಯಲ್ಲಿ ಹಾಗಲ್ಲ. ಅದರ ಗ್ರಂಥಿ ಸುಮಾರು ಒಂದು ಮಿಲಿಗ್ರಾಂ ತೂಗುತ್ತದೆ, ಮತ್ತು ಅದರ ಬಹುಪಾಲು ತಲೆಬುರುಡೆಯ ಕೆಳಗೇ, ಮೆದುಳು ಮತ್ತು ಕಿರುಮೆದುಳು ಸೇರುವ ಸಂದಿಯಲ್ಲಿ, ದೊಡ್ಡ ರಕ್ತನಾಳಗಳ ಪಕ್ಕದಲ್ಲಿದೆ. ತೆಳುವಾದ ತೊಟ್ಟೊಂದು ಅದನ್ನು ಒಳಗಿನ ಮೆದುಳಿಗೆ ಜೋಡಿಸುತ್ತದೆ. ಮೇಲೆಯೇ ಇರುವುದರಿಂದ ಅದನ್ನು ತೆಗೆದು ಅಧ್ಯಯನ ಮಾಡುವುದು ಸುಲಭ. ವಿಜ್ಞಾನಿಗಳು ಇಲಿಯನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ.

17ನೇ ಶತಮಾನದಲ್ಲಿ ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ ಈ ಗ್ರಂಥಿಯನ್ನು ಆತ್ಮದ ಮುಖ್ಯ ನೆಲೆ ಎಂದ. ಮೆದುಳಿನಲ್ಲಿ ಬೇರೆಲ್ಲ ಭಾಗಗಳು ಎಡ-ಬಲ ಜೋಡಿಯಾಗಿವೆ, ಇದೊಂದೇ ಒಂಟಿ ಎಂಬುದು ಅವನ ತರ್ಕ. ಇಂದಿನ ‘ಆತ್ಮದ ಗ್ರಂಥಿ’ ಎಂಬ ಮಾತಿನ ಒಂದು ಬೇರು ಇಲ್ಲಿದೆ.

‘ಮೂರನೇ ಕಣ್ಣು’ ಎಂಬುದರಲ್ಲಿ ನಿಜವೆಷ್ಟು?

ಒಂದು ಪಾಲು ನಿಜವಿದೆ, ಆದರೆ ಅದು ಮನುಷ್ಯನಿಗೆ ಸೇರಿದ್ದಲ್ಲ. ಬೇಲಿಯ ಮೇಲೆ ತಲೆ ಆಡಿಸುತ್ತಾ ಕೂರುವ ಓತಿಕ್ಯಾತವನ್ನು ಎಲ್ಲರೂ ನೋಡಿದ್ದೇವೆ. ಅದರ ನೆತ್ತಿಯ ಮೇಲೆ ಒಂದು ಪುಟ್ಟ ಬೆಳಕು ಗ್ರಾಹಕ ಅಂಗವಿದೆ. ಚಿತ್ರ ಕಾಣಿಸದಿದ್ದರೂ ಬೆಳಕು ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುತ್ತದೆ. ಕಪ್ಪೆ, ಮೀನುಗಳಲ್ಲೂ ಪೀನಿಯಲ್ ಭಾಗ ನೇರವಾಗಿ ಬೆಳಕನ್ನು ಗುರುತಿಸುತ್ತದೆ.

ಇಲಿ, ಹಸು, ಮನುಷ್ಯರಂಥ ಸಸ್ತನಿಗಳು ವಿಕಾಸದ ಹಾದಿಯಲ್ಲಿ ಈ ಶಕ್ತಿಯನ್ನು ಕಳೆದುಕೊಂಡಿವೆ. ನಮ್ಮ ಪೀನಿಯಲ್ ಕೋಶಗಳಲ್ಲಿ ಕಣ್ಣಿನ ಕೋಶಗಳ ಕೆಲವು ಪ್ರೋಟೀನುಗಳು ಇನ್ನೂ ಉಳಿದಿವೆ, ಅಷ್ಟೇ. ಬೆಳಕಿನ ಸುದ್ದಿ ಈಗ ಅದಕ್ಕೆ ನೇರವಾಗಿ ಸಿಗುವುದಿಲ್ಲ; ಯಾರಾದರೂ ತಂದುಕೊಡಬೇಕು. ಆ ‘ಯಾರಾದರೂ’ ಎಂದರೆ ನರ.

ಶಿವನ ಹಣೆಗಣ್ಣಿನ ಕಲ್ಪನೆ, ಯೋಗದ ಆಜ್ಞಾಚಕ್ರ ಇವೆಲ್ಲ ನಂಬಿಕೆ ಮತ್ತು ಸಾಧನೆಗೆ ಸೇರಿದ ಮಾತು. ಕೋಲಾರದ ಸೋಮೇಶ್ವರನಿಗೆ ಕೈಮುಗಿಯುವವರಿಗೆ ಒಂದು ಗ್ರಂಥಿಯ ಪ್ರಮಾಣಪತ್ರ ಬೇಕಾಗಿಲ್ಲ. ನಂಬಿಕೆಯ ಹೆಸರಲ್ಲಿ ಅಂಗರಚನೆಯನ್ನು ತಪ್ಪಾಗಿ ಹೇಳಿ, ಅದರ ಮೇಲೆ ಆರೋಗ್ಯ ಸಲಹೆ ಕೊಟ್ಟಾಗ ಮಾತ್ರ ನಮ್ಮ ತಕರಾರು.

ಕಣ್ಣಿನಿಂದ ಕತ್ತಿಗೆ, ಕತ್ತಿನಿಂದ ಮತ್ತೆ ತಲೆಗೆ

ಪೀನಿಯಲ್ ಗ್ರಂಥಿ ಮೆದುಳಿಗೆ ಅಂಟಿಕೊಂಡೇ ಇದೆಯಲ್ಲ, ನರವೂ ಪಕ್ಕದಿಂದಲೇ ಬರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 1960ರಲ್ಲಿ ಡಚ್ ಅಂಗರಚನಾ ವಿಜ್ಞಾನಿ ಯೋಹಾನೆಸ್ ಆರಿಯನ್ಸ್ ಕಾಪರ್ಸ್ ಬಿಳಿ ಇಲಿಗಳ ಮೇಲಿನ ವಿವರವಾದ ಅಧ್ಯಯನ ಪ್ರಕಟಿಸಿದಾಗ ಉತ್ತರ ಬೇರೆಯೇ ಇತ್ತು. ಗ್ರಂಥಿಗೆ ಬರುವ ಮುಖ್ಯ ನರಗಳು ಮೆದುಳಿನಿಂದ ನೇರವಾಗಿ ಬರುವುದಿಲ್ಲ, ಕತ್ತಿನಿಂದ ಬರುತ್ತವೆ! ಕತ್ತಿನ ಮೇಲ್ಭಾಗದಲ್ಲಿ, ದವಡೆಯ ಹಿಂದೆ, ಎಡಕ್ಕೊಂದು ಬಲಕ್ಕೊಂದು ನರಗಂಟು ಇದೆ. ಇದರ ಹೆಸರು ಸುಪೀರಿಯರ್ ಸರ್ವೈಕಲ್ ಗ್ಯಾಂಗ್ಲಿಯನ್. ಅಲ್ಲಿಂದ ಹೊರಟ ಸಿಂಪಥೆಟಿಕ್ ನರದ ಎಳೆಗಳು ರಕ್ತನಾಳಗಳ ಜೊತೆ ತಲೆಬುರುಡೆಯೊಳಕ್ಕೆ ಹೋಗಿ, ಮೆದುಳಿನ ಹೊದಿಕೆಯ ಮಡಿಕೆಯಲ್ಲಿ ಸಾಗಿ, ಎರಡು ಪುಟ್ಟ ನರಗಳಾಗಿ ಗ್ರಂಥಿಯನ್ನು ಹೊಗುತ್ತವೆ. ಆ ಎರಡಕ್ಕೆ ನರ್ವೈ ಕೊನಾರಿಯೈ ಎಂದು ಹೆಸರು. ಕತ್ತಿನ ಎರಡೂ ಗಂಟುಗಳನ್ನು ತೆಗೆದರೆ ಗ್ರಂಥಿಯೊಳಗಿನ ಈ ನರದ ತುದಿಗಳು ನಶಿಸುತ್ತವೆ.

ಮುಂದಿನ ಎರಡು ದಶಕಗಳಲ್ಲಿ ಇಡೀ ದಾರಿ ಗೊತ್ತಾಯಿತು. ಕಣ್ಣಿನ ರೆಟಿನಾಕ್ಕೆ ಬೆಳಕು ಬೀಳುತ್ತದೆ. ಅಲ್ಲಿಂದ ಸುದ್ದಿ ಹೈಪೋಥಲಾಮಸ್‌ನಲ್ಲಿರುವ ದೇಹದ ಗಡಿಯಾರಕ್ಕೆ ಹೋಗುತ್ತದೆ. ಈ ಗಡಿಯಾರದ ಜಾಗವನ್ನು ಇಲಿಗಳಲ್ಲಿ ಗುರುತಿಸಿದ್ದು 1972ರಲ್ಲಿ. ಗಡಿಯಾರದಿಂದ ಹೈಪೋಥಲಾಮಸ್‌ನ ಇನ್ನೊಂದು ಕೇಂದ್ರಕ್ಕೆ, ಅಲ್ಲಿಂದ ಬೆನ್ನುಹುರಿಯಲ್ಲಿ ಕೆಳಗಿಳಿದು ಎದೆಯ ಮೇಲ್ಭಾಗದ ಮಟ್ಟಕ್ಕೆ, ಅಲ್ಲಿಂದ ಹೊರಬಿದ್ದು ಕತ್ತಿನ ನರಗಂಟಿಗೆ, ಕೊನೆಗೆ ಗ್ರಂಥಿಗೆ. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದಂತೆ!

ಹೊಲದ ಪಂಪ್‌ಸೆಟ್ ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಆಟೋ ಸ್ಟಾರ್ಟರ್ ಇರುವ ಮೋಟಾರ್ ತಾನೇ ಓಡಲು ಶುರುವಾಗುತ್ತದೆ. ಪೀನಿಯಲ್ ಕೂಡ ಹಾಗೆಯೇ. ಕತ್ತಲಾದಾಗ ನರದಲ್ಲಿ ‘ಕರೆಂಟ್’ ಬರುತ್ತದೆ, ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ನಡುವೆ ಎಲ್ಲಿ ಲೈನ್ ಕಿತ್ತುಹೋದರೂ ಮೋಟಾರ್ ಚೆನ್ನಾಗಿದ್ದೂ ನೀರು ಬರುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಾಣುವುದು: ಹನಿ ನೀರಾವರಿಯ ಪೈಪ್

ಗ್ರಂಥಿಯ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಮುಖ್ಯವಾಗಿ ಎರಡು ಬಗೆಯ ಕೋಶಗಳು ಕಾಣುತ್ತವೆ. ಹೆಚ್ಚಿನವು ಮೆಲಟೋನಿನ್ ತಯಾರಿಸುವ ಪೀನಿಯಲೋಸೈಟ್‌ಗಳು. ಅವುಗಳ ನಡುವೆ ಆಸರೆಯಾಗಿ ಗ್ಲಿಯಾ ಜಾತಿಯ ಕೋಶಗಳು. ಇವುಗಳ ಸುತ್ತ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ರಕ್ತನಾಳಗಳ ಬಲೆ.

ಈಗ ನರದ ಎಳೆಯನ್ನು ನೋಡಿ. ಅದು ಪ್ಲಗ್ ಸಾಕೆಟ್‌ಗೆ ಚುಚ್ಚಿದಂತೆ ಒಂದೊಂದು ಕೋಶಕ್ಕೆ ಹೋಗಿ ಸೇರುವುದಿಲ್ಲ. ರಕ್ತನಾಳದ ಸುತ್ತಲಿನ ಖಾಲಿ ಜಾಗದಲ್ಲಿ ಮತ್ತು ಕೋಶಗಳ ನಡುವೆ ಹರಿದಾಡುತ್ತಾ, ದಾರಿಯುದ್ದಕ್ಕೂ ಸುಮಾರು ಒಂದು ಮೈಕ್ರಾನ್ ಗಾತ್ರದ ಮಣಿಗಳಂಥ ಉಬ್ಬುಗಳನ್ನು ಹೊಂದಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಟೊಮೆಟೊ ತೋಟದಲ್ಲಿ ಹಾಸಿರುವ ಡ್ರಿಪ್ ಪೈಪಿನಂತೆ: ಪೈಪ್ ಗಿಡದ ಬೇರಿನೊಳಕ್ಕೆ ಹೋಗುವುದಿಲ್ಲ, ಸಾಲಿನುದ್ದಕ್ಕೂ ಅಲ್ಲಲ್ಲಿ ಇರುವ ತೂತುಗಳಿಂದ ಹನಿ ಬೀಳುತ್ತದೆ, ಬೇರು ಅದನ್ನು ಹೀರಿಕೊಳ್ಳುತ್ತದೆ.

ಇಲ್ಲಿ ಬೀಳುವ ಹನಿ ನೊರಡ್ರೆನಲಿನ್ ಎಂಬ ರಾಸಾಯನಿಕ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಉಬ್ಬುಗಳೊಳಗೆ ನಡುವೆ ಕಪ್ಪುಚುಕ್ಕೆ ಇರುವ ಪುಟಾಣಿ ಚೀಲಗಳು ಕಾಣುತ್ತವೆ. ನೊರಡ್ರೆನಲಿನ್ ಇರುವುದು ಆ ಚೀಲಗಳಲ್ಲಿ. 1960ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇನ್ನೊಂದು ವಿಧಾನ ರೂಪಿಸಿದರು. ಅಂಗಾಂಶಕ್ಕೆ ಫಾರ್ಮಾಲ್ಡಿಹೈಡ್ ಆವಿ ಹಿಡಿಸಿ ವಿಶೇಷ ಬೆಳಕಿನಲ್ಲಿ ನೋಡಿದರೆ ನೊರಡ್ರೆನಲಿನ್ ಇರುವ ನರಗಳು ಹಸಿರಾಗಿಯೂ, ಸೆರೊಟೋನಿನ್ ಇರುವ ಕೋಶಗಳು ಹಳದಿಯಾಗಿಯೂ ಹೊಳೆಯುತ್ತವೆ. ಮೆಲಟೋನಿನ್ ತಯಾರಾಗುವುದು ಸೆರೊಟೋನಿನ್‌ನಿಂದಲೇ. ಹೀಗೆ ಕಚ್ಚಾವಸ್ತು ಮತ್ತು ಆಜ್ಞೆ ತರುವ ನರ ಎರಡೂ ಒಂದೇ ಪದರದಲ್ಲಿ ಕಣ್ಣಿಗೆ ಕಂಡವು.

ಸಿಂಪಥೆಟಿಕ್ ನರಗಳ ಹೊರತಾಗಿ ಬೇರೆ ಮೂಲದ ಕೆಲವು ಎಳೆಗಳೂ ಇಲಿಯ ಗ್ರಂಥಿಗೆ ಬರುತ್ತವೆ: ತೊಟ್ಟಿನ ಮೂಲಕ ಮೆದುಳಿನಿಂದ ಕೆಲವು, ಮುಖದ ಭಾಗದ ನರಗಂಟುಗಳಿಂದ ಕೆಲವು. ಆದರೆ ರಾತ್ರಿ-ಹಗಲಿನ ಲಯ ನಡೆಯುವುದು ಕತ್ತಿನಿಂದ ಬರುವ ನರಗಳಿಂದ. ರಾತ್ರಿ ನೊರಡ್ರೆನಲಿನ್ ಬಿಡುಗಡೆಯಾದಾಗ ಇಲಿಯ ಗ್ರಂಥಿಯಲ್ಲಿ ಮೆಲಟೋನಿನ್ ತಯಾರಿಕೆಯ ಒಂದು ಮುಖ್ಯ ಕಿಣ್ವದ ಚಟುವಟಿಕೆ 100 ಪಟ್ಟಿಗೂ ಹೆಚ್ಚಾಗುತ್ತದೆ. ನಡುರಾತ್ರಿ ದೀಪ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಈ ಗ್ರಂಥಿಯ ಮೇಲೆ ಬಹಳ ಕೆಲಸ ಮಾಡಿದ ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್‌ಗೆ ನೊರಡ್ರೆನಲಿನ್ ಕುರಿತ ಸಂಶೋಧನೆಗಾಗಿ 1970ರಲ್ಲಿ ನೊಬೆಲ್ ಬಹುಮಾನ ಹಂಚಿಕೆಯಾಯಿತು.

ಮೆಲಟೋನಿನ್ ನಿದ್ದೆಯ ಮಾತ್ರೆಯೇ?

ಇಲಿ ರಾತ್ರಿ ಎದ್ದು ಓಡಾಡುವ ಪ್ರಾಣಿ. ಅದರಲ್ಲೂ ಮೆಲಟೋನಿನ್ ಏರುವುದು ರಾತ್ರಿಯಲ್ಲೇ. ಹಗಲಿನಲ್ಲಿ ಚಟುವಟಿಕೆಯಿಂದಿರುವ ಅಳಿಲಿನಲ್ಲೂ ರಾತ್ರಿಯಲ್ಲೇ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಚಂದನಾ ಹಲ್ದರ್ ಅವರ ಪ್ರಯೋಗಾಲಯ ಬೆನ್ನ ಮೇಲೆ ಐದು ಪಟ್ಟೆ ಇರುವ ಭಾರತೀಯ ಅಳಿಲಿನ ಪೀನಿಯಲ್ ಗ್ರಂಥಿಯನ್ನು ಹಲವು ವರ್ಷ ಅಧ್ಯಯನ ಮಾಡಿದೆ. ನಮ್ಮ ಮಾವಿನ ತೋಪುಗಳಲ್ಲಿ ಕಾಣುವ ಮೂರು ಪಟ್ಟೆಯ ಅಳಿಲಿನ ಹತ್ತಿರದ ಸಂಬಂಧಿ ಅದು.

ಹಾಗಾದರೆ ಮೆಲಟೋನಿನ್ ಹೇಳುವುದು ‘ಮಲಗು’ ಎಂದಲ್ಲ, ‘ಈಗ ಕತ್ತಲು’ ಎಂದು. ಅದನ್ನು ಕೇಳಿ ಇಲಿ ಎದ್ದು ಓಡುತ್ತದೆ, ನಾವು ಹಾಸಿಗೆ ಹಾಸುತ್ತೇವೆ. ಇನ್ನೊಂದು ವಿಷಯ: ಪ್ರಯೋಗಾಲಯದ ಹಲವು ಚುಂಡಿಲಿ ತಳಿಗಳಲ್ಲಿ ಜೀನ್ ದೋಷದಿಂದ ಮೆಲಟೋನಿನ್ ಬಹುತೇಕ ತಯಾರಾಗುವುದೇ ಇಲ್ಲ. “ಇಲಿಯ ಮೇಲೆ ಸಾಬೀತಾಗಿದೆ” ಎಂಬ ಸಾಲು ಕಂಡಾಗ ಯಾವ ಇಲಿ ಎಂದು ಕೇಳಲು ಇದೊಂದೇ ಕಾರಣ ಸಾಕು.

ಸೂರ್ಯನನ್ನು ದಿಟ್ಟಿಸಿದರೆ ಗ್ರಂಥಿ ‘ತೆರೆಯುತ್ತದೆಯೇ’?

ಮೇಲಿನ ದಾರಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಬೆಳಕು ಹಣೆಯ ಮೂಲಕ ಒಳಹೋಗುವುದಿಲ್ಲ, ಕಣ್ಣಿನ ಮೂಲಕವೇ ಹೋಗಬೇಕು. ಮತ್ತು ಬೆಳಕು ಈ ಗ್ರಂಥಿಯನ್ನು ಚುರುಕುಗೊಳಿಸುವುದಿಲ್ಲ, ಅದರ ಕೆಲಸವನ್ನು ನಿಲ್ಲಿಸುತ್ತದೆ. ಸಂದೇಶ ಹೇಳುವುದು ಇದಕ್ಕೆ ತಲೆಕೆಳಗು.

ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಹೊಂದಿಸಲು ಒಳ್ಳೆಯದು, ನಿಜ. ಅದಕ್ಕೆ ಹೊರಗೆ ನಡೆದಾಡಿದರೆ ಸಾಕು. ಮರದ ನೆರಳಿನಲ್ಲೂ ಮನೆಯೊಳಗಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿರುತ್ತದೆ. ಸೂರ್ಯನನ್ನು ನೇರವಾಗಿ ದಿಟ್ಟಿಸಿದರೆ ರೆಟಿನಾ ಸುಡುತ್ತದೆ. ನೋವು ಗೊತ್ತಾಗುವುದಿಲ್ಲ, ದೃಷ್ಟಿಯ ನಡುವೆ ಕಪ್ಪು ಕಲೆ ಶಾಶ್ವತವಾಗಿ ಉಳಿಯಬಹುದು. ಇಲ್ಲದ ಮೂರನೇ ಕಣ್ಣಿಗಾಗಿ ಇರುವ ಎರಡನ್ನು ಕಳೆದುಕೊಳ್ಳಬೇಡಿ. ಮಕ್ಕಳಿಗಂತೂ ಇದನ್ನು ಹೇಳಿಕೊಡಲೇಬೇಡಿ.

ಫ್ಲೋರೈಡ್ ಮತ್ತು ಕೋಲಾರ

ಈಗ ಮುಖ್ಯ ಪ್ರಶ್ನೆ. ವಯಸ್ಸಾದಂತೆ ಅನೇಕರ ಪೀನಿಯಲ್ ಗ್ರಂಥಿಯಲ್ಲಿ ಸುಣ್ಣದ ಅಂಶ ಕೂಡಿಕೊಳ್ಳುತ್ತದೆ. ವೈದ್ಯರು ಇದನ್ನು ‘ಮೆದುಳಿನ ಮರಳು’ ಎನ್ನುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿ ಇದು ಸಾಮಾನ್ಯವಾಗಿ ಕಾಣುವ ಸಂಗತಿ. ಸ್ಕ್ಯಾನ್ ಬರುವ ಮೊದಲು ತಲೆಯ ಎಕ್ಸ್‌ರೇಯಲ್ಲಿ ಈ ಬಿಳಿಚುಕ್ಕೆ ನಡುಗೆರೆಯಿಂದ ಪಕ್ಕಕ್ಕೆ ಸರಿದಿದೆಯೇ ಎಂದು ನೋಡಿ ಮೆದುಳಿನ ಗೆಡ್ಡೆಯನ್ನು ಅನುಮಾನಿಸುತ್ತಿದ್ದರು. ನೀರಿಗೆ ಫ್ಲೋರೈಡ್ ಬೆರೆಸುವುದು ಅಮೆರಿಕದಲ್ಲಿ 1945ರಲ್ಲಿ ಆರಂಭವಾಗುವುದಕ್ಕಿಂತ ಬಹಳ ಮೊದಲೇ ಈ ಮರಳು ವೈದ್ಯರಿಗೆ ಗೊತ್ತಿತ್ತು.

ಫ್ಲೋರೈಡ್ ಕಥೆ ಹುಟ್ಟಿದ್ದಕ್ಕೆ ಒಂದು ಆಧಾರವೂ ಇದೆ. ಇಂಗ್ಲೆಂಡಿನ ಜೆನಿಫರ್ ಲ್ಯೂಕ್ 2001ರಲ್ಲಿ 11 ವೃದ್ಧರ ಶವಗಳ ಗ್ರಂಥಿಗಳನ್ನು ಪರೀಕ್ಷಿಸಿ, ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಫ್ಲೋರೈಡ್ ಕೂಡ ಹೆಚ್ಚಿದೆ ಎಂದು ವರದಿ ಮಾಡಿದರು. ಮೂಳೆ, ಹಲ್ಲುಗಳಂತೆ ಸುಣ್ಣ ಇರುವಲ್ಲಿ ಫ್ಲೋರೈಡ್ ಹೋಗಿ ಕೂರುವುದು ಅದರ ಗುಣ. ಸುಣ್ಣ ಕಟ್ಟಲು ಫ್ಲೋರೈಡೇ ಕಾರಣ ಎಂದು ಇದರಿಂದ ಹೇಳಲಾಗದು. ಅದಕ್ಕೂ ಮೊದಲು, 1997ರ ಪಿಎಚ್‌ಡಿ ಪ್ರಬಂಧದಲ್ಲಿ ಅವರು ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಗಳಿಗೆ ಹೆಚ್ಚು ಫ್ಲೋರೈಡ್ ಕೊಟ್ಟಾಗ ಮೆಲಟೋನಿನ್ ಕಡಿಮೆಯಾದ ಲಕ್ಷಣ ಕಂಡಿದ್ದರು. ಇದು ಮುಂದಿನ ಅಧ್ಯಯನಕ್ಕೆ ತಕ್ಕ ಪ್ರಶ್ನೆ. ‘ಮೂರನೇ ಕಣ್ಣು ಮುಚ್ಚಿತು’ ಎಂಬ ತೀರ್ಪಿಗೆ ಸಾಕ್ಷಿಯಲ್ಲ.

ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಈ ಸಂದೇಶಗಳ ಮೂಲ, ಸರ್ಕಾರ ನೀರಿಗೆ ಫ್ಲೋರೈಡ್ ಬೆರೆಸುವ ದೇಶಗಳ ಜಗಳ. ಭಾರತದಲ್ಲಿ ಯಾರೂ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು. ಆಳದ ಗ್ರಾನೈಟ್ ಜಾತಿಯ ಬಂಡೆಗಳ ಖನಿಜದಿಂದ ಫ್ಲೋರೈಡ್ ನೀರಿಗೆ ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಈ ಜಿಲ್ಲೆಯ ಹಲವು ಕೊಳವೆಬಾವಿಗಳು ಆ ಮಿತಿ ಮೀರಿವೆ.

ಅದರ ಪರಿಣಾಮ ನೋಡಲು ಸ್ಕ್ಯಾನ್ ಬೇಕಿಲ್ಲ. ಶಾಲೆಯ ಮಕ್ಕಳ ಹಲ್ಲಿನ ಮೇಲೆ ಹಳದಿ-ಕಂದು ಪಟ್ಟೆಗಳು, ವರ್ಷಗಟ್ಟಲೆ ಕುಡಿದ ದೊಡ್ಡವರಲ್ಲಿ ಬೆನ್ನು, ಕೀಲುಗಳ ಬಿಗಿತ ಮತ್ತು ನೋವು. ಇವು ಫ್ಲೋರೋಸಿಸ್‌ನ ಗುರುತುಗಳು. ಮೂಳೆಗೆ ಒಮ್ಮೆ ಬಂದರೆ ಪೂರ್ತಿ ಗುಣವಾಗುವುದಿಲ್ಲ. ಈ ಸಂದೇಶದಿಂದ ಆಗುವ ದೊಡ್ಡ ನಷ್ಟ ಇಲ್ಲೇ: ಓದಿದವರು ಕಾಣದ ಕಣ್ಣಿಗೆ ಹೆದರಿ ಟೂತ್‌ಪೇಸ್ಟ್ ಎಸೆದು, ‘ಪೀನಿಯಲ್ ಶುದ್ಧಿ’ ಪುಡಿಗೆ ದುಡ್ಡು ಹಾಕುತ್ತಾರೆ, ಅಡುಗೆಗೆ ಮಾತ್ರ ಅದೇ ಕೊಳವೆಬಾವಿಯ ನೀರು ಬಳಸುತ್ತಾರೆ.

ಹಾಗಾಗಿ ಮಾಡಬೇಕಾದ್ದು ಇಷ್ಟು:

• ನಿಮ್ಮ ಊರಿನ ನೀರಿನ ಫ್ಲೋರೈಡ್ ಪ್ರಮಾಣ ಎಷ್ಟು ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಫೀಲ್ಡ್ ಟೆಸ್ಟ್ ಕಿಟ್‌ನಲ್ಲಿ ಅಥವಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು.
• ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಪ್ರಮಾಣ ಇನ್ನೂ ಹೆಚ್ಚುತ್ತದೆ.
• ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಸಾರು, ಅನ್ನ, ಮುದ್ದೆಗೂ ಬಳಸಿ. ಘಟಕದ ಫಿಲ್ಟರ್ ಬದಲಿಸಿದ ದಿನಾಂಕ ಕೇಳಿ. ಸರಿಯಾಗಿ ಹಿಡಿದಿಟ್ಟ ಮಳೆನೀರಿನಲ್ಲೂ ಫ್ಲೋರೈಡ್ ತೀರಾ ಕಡಿಮೆ.
• ಚಿಕ್ಕ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಾದರೆ ಯಾವ ಪೇಸ್ಟ್ ಬಳಸಬೇಕು ಎಂದು ದಂತವೈದ್ಯರನ್ನೇ ಕೇಳಿ.

ಈ ನರದ ದಾರಿಯಿಂದ ನಮಗೇನು ಉಪಯೋಗ?

ಇಲಿಯಲ್ಲಿ ಕಂಡ ದಾರಿ ಮನುಷ್ಯನಲ್ಲೂ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆಯಿದೆ. ಅಪಘಾತದಲ್ಲಿ ಕತ್ತಿನ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ ರಾತ್ರಿಯ ಮೆಲಟೋನಿನ್ ಏರಿಕೆಯೇ ಇರುವುದಿಲ್ಲ. ಗ್ರಂಥಿ ಸರಿಯಿದೆ, ಲೈನ್ ಕಿತ್ತಿದೆ.

ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ನೊರಡ್ರೆನಲಿನ್ ಕೂರುವ ಜಾಗವನ್ನು ತಡೆಯುತ್ತವೆ. ಅದರಿಂದ ರಾತ್ರಿಯ ಮೆಲಟೋನಿನ್ ಕಡಿಮೆಯಾಗಿ ಕೆಲವರಿಗೆ ನಿದ್ದೆ ಕೆಡಬಹುದು. ಮನೆಯ ಹಿರಿಯರು ಹಾಗೆ ಹೇಳಿದರೆ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಹೃದಯಕ್ಕೆ ಅಪಾಯ.

ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ರಾತ್ರಿ ಪಾಳಿ ಮಾಡುವವರು, ನಸುಕಿಗೇ ಟೊಮೆಟೊ ಬಾಕ್ಸ್ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹೊರಡುವವರು, ತ್ರೀ ಫೇಸ್‌ಗಾಗಿ ಎದ್ದು ಹೊಲಕ್ಕೆ ಹೋಗುವವರು ಈ ಜಿಲ್ಲೆಯಲ್ಲಿ ಬಹಳ ಮಂದಿ. ನಿಜವಾಗಿ ಪೀನಿಯಲ್‌ಗೆ ಅಡ್ಡಬರುವುದು ರಾತ್ರಿಯ ಬೆಳಕು. ಪ್ರಖರ ಬೆಳಕು ಮನುಷ್ಯರಲ್ಲೂ ಮೆಲಟೋನಿನ್ ತಗ್ಗಿಸುತ್ತದೆ ಎಂದು 1980ರಲ್ಲೇ ತೋರಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿನಲ್ಲಿ 2007ರಲ್ಲಿ ಸೇರಿಸಿ, 2019ರಲ್ಲಿ ಅದನ್ನೇ ಉಳಿಸಿಕೊಂಡಿದೆ. ಪಾಳಿ ಮಾಡುವವರೆಲ್ಲ ಹೆದರಬೇಕೆಂದು ಇದರ ಅರ್ಥವಲ್ಲ. ಆದರೆ ಪಾಳಿ ಮುಗಿಸಿ ಬಂದವರು ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕುವುದು, ಮನೆಯವರು ಅವರ ಹಗಲು ನಿದ್ದೆಯನ್ನು ಸೋಮಾರಿತನ ಎನ್ನದಿರುವುದು, ರಾತ್ರಿ ಮಲಗುವವರು ದೀಪ ಮತ್ತು ಫೋನ್ ಬೇಗ ಆರಿಸುವುದು ಕೈಲಾಗುವ ಕೆಲಸ.

ಫಾರ್ವರ್ಡ್ ಮಾಡುವ ಮುನ್ನ

ಪೀನಿಯಲ್ ಬಗ್ಗೆ ಮುಂದಿನ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಗ್ರಂಥಿಯನ್ನು ಹಣೆಯ ಮೇಲೆ ತೋರಿಸಿದ್ದಾರೆಯೇ? ಬೆಳಕು ಅದನ್ನು ‘ಎಚ್ಚರಗೊಳಿಸುತ್ತದೆ’ ಎಂದಿದ್ದಾರೆಯೇ? ಕೊನೆಯಲ್ಲಿ ಪುಡಿ, ಎಣ್ಣೆ ಅಥವಾ ಕೋರ್ಸ್ ಮಾರುತ್ತಿದ್ದಾರೆಯೇ? ಒಂದಕ್ಕಾದರೂ ‘ಹೌದು’ ಎಂದಾದರೆ ಅಲ್ಲೇ ನಿಲ್ಲಿಸಿ. ಊರಿನ ಗುಂಪಿಗೆ ಏನಾದರೂ ಕಳಿಸಲೇಬೇಕೆಂದಿದ್ದರೆ ನಿಮ್ಮ ಬೀದಿಯ ಕೊಳವೆಬಾವಿಯ ಫ್ಲೋರೈಡ್ ಪರೀಕ್ಷೆಯ ಫಲಿತಾಂಶ ಕಳಿಸಿ. ಅದನ್ನು ಓದಿದ ಒಂದು ಮನೆಯ ಮಗುವಿನ ಹಲ್ಲು ಉಳಿದರೂ ದೊಡ್ಡದು.